ಗುಡ್ಡದ ಮೇಲಿನ ಕಾರಂಜಿ: ಓದುಗರ ಪ್ರಶ್ನೆಗಳು, ಅಂಕಣಕಾರರ ಉತ್ತರಗಳು

ಕಳೆದ ಸಂಚಿಕೆಯಲ್ಲಿ ರೋಮ್ ನಗರದ ಟ್ರೆವಿ ಕಾರಂಜಿಯ ಬಗ್ಗೆ ಬಂದಿದ್ದ ಪ್ರಶ್ನೆಗೆ ಉತ್ತರಿಸುವಾಗ, ಅದೇ ನಗರದ ಜಾನಿಕೊಲೊ ಗುಡ್ಡದ ಮೇಲಿರುವ ‘ಅಕ್ವಾ ಪಾವೊಲಾ’ ಕಾರಂಜಿಯನ್ನು ನೋಡದೆ ಹಿಂದಿರುಗಬಾರದು ಎಂದು ಒಂದೇ ಸಾಲಿನಲ್ಲಿ ಹೇಳಿದ್ದೆ. ಕಾರಣ ಹೇಳದೆ ಶಿಫಾರಸು ಮಾಡಿದರೆ ಓದುಗರು ಸುಮ್ಮನಿರುವುದಿಲ್ಲ; ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿಗಳಿಂದ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಲ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗಳು ಮಿಲಾನ್‌ನಲ್ಲಿ ಓದುತ್ತಿದ್ದಾಳೆ. ಬರುವ ಏಪ್ರಿಲ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ಅಲ್ಲಿಗೆ ಹೋಗುವವರಿದ್ದೇವೆ. ಅದರಲ್ಲಿ ಎರಡು ದಿನ ರೋಮ್‌ಗೆ ಇಟ್ಟುಕೊಂಡಿದ್ದೇವೆ. ಯಜಮಾನರಿಗೆ ಮೊಣಕಾಲು ನೋವಿದೆ. ಟ್ರೆವಿಯನ್ನು ನೋಡಿದ ಮೇಲೂ ಇನ್ನೊಂದು ಕಾರಂಜಿಗಾಗಿ ಗುಡ್ಡ ಹತ್ತುವುದು ಸಾರ್ಥಕವೇ?
– ನಿವೃತ್ತ ಶಿಕ್ಷಕಿ, ಸಪ್ತಾಪುರ, ಧಾರವಾಡ

ಉತ್ತರ: ಸಾರ್ಥಕ. ಆದರೆ ಕಾಲ್ನಡಿಗೆಯಲ್ಲೇ ಹತ್ತಬೇಕೆಂದೇನೂ ಇಲ್ಲ. ಟೈಬರ್ ನದಿಯ ಬಲದಂಡೆಯಲ್ಲಿರುವ ತ್ರಾಸ್ತೆವೆರೆ ಎಂಬ ಹಳೆಯ ಬಡಾವಣೆಯಿಂದ ಗುಡ್ಡದ ಮೇಲಕ್ಕೆ ನಗರ ಸಾರಿಗೆಯ ಬಸ್ಸು ಹೋಗುತ್ತದೆ, ಟ್ಯಾಕ್ಸಿಯೂ ಸಿಗುತ್ತದೆ. ಮೇಲೆ ಹೋಗುವಾಗ ವಾಹನ ಹಿಡಿದು, ಮನಸ್ಸಾದರೆ ಇಳಿಯುವಾಗ ನಡೆಯಿರಿ. ಆ ಊರಿನ ಹಳೆಯ ರಸ್ತೆಗಳಿಗೆ ಹಾಸಿರುವ ಚೌಕ ಕಲ್ಲುಗಳು ನುಣುಪಾಗಿ ಸವೆದಿರುವುದರಿಂದ, ಮಳೆ ಬಿದ್ದ ದಿನ ಮೊಣಕಾಲು ನೋವಿನವರು ಇಳಿಜಾರಿನ ನಡಿಗೆಯನ್ನೂ ಬಿಡುವುದು ಒಳ್ಳೆಯದು.

ಟ್ರೆವಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ತಿಳಿದುಕೊಂಡು ಹೋದರೆ ನಿರಾಶೆಯಾಗುವುದಿಲ್ಲ. ಟ್ರೆವಿ ಇಕ್ಕಟ್ಟಾದ ಓಣಿಗಳ ನಡುವೆ, ಒಂದು ಅರಮನೆಯ ಗೋಡೆಗೆ ಅಂಟಿಕೊಂಡು ನಿಂತಿದೆ. ಅಲ್ಲಿ ಶಿಲ್ಪಗಳೂ ಹೆಚ್ಚು, ಜನರೂ ಹೆಚ್ಚು. ಜಾನಿಕೊಲೊದ ಕಾರಂಜಿಯಲ್ಲಿ ಕಡಲದೇವತೆಗಳಿಲ್ಲ, ಕುದುರೆಗಳಿಲ್ಲ. ಬಿಳಿಯ ಅಮೃತಶಿಲೆಯ ಒಂದು ಭಾರಿ ಮುಖಮಂಟಪ, ಅದರಲ್ಲಿ ನಡುವೆ ಮೂರು ದೊಡ್ಡವು ಮತ್ತು ಅಕ್ಕಪಕ್ಕ ಎರಡು ಚಿಕ್ಕವು ಹೀಗೆ ಐದು ಕಮಾನುಗಳು, ಕಮಾನುಗಳ ನಡುವೆ ಗ್ರಾನೈಟ್ ಕಂಬಗಳು, ಮೇಲೆ ಆಳೆತ್ತರದ ಅಕ್ಷರಗಳೇನೋ ಎನ್ನಿಸುವಂತಹ ಶಾಸನ, ಅದರ ಮೇಲೆ ದೇವದೂತರು ಹಿಡಿದು ನಿಂತ ಪೋಪರ ಲಾಂಛನ. ಕಮಾನುಗಳ ಬುಡದಿಂದ ನೀರು ಧಾರೆಯಾಗಿ ಮುಂದಿನ ಅರೆವೃತ್ತದ ಕೊಳಕ್ಕೆ ಬೀಳುತ್ತದೆ. ರೋಮ್‌ನ ಜನ ಇದನ್ನು ಸಲುಗೆಯಿಂದ ‘ದೊಡ್ಡ ಕಾರಂಜಿ’ ಎಂದೇ ಕರೆಯುತ್ತಾರೆ.

ನೀವು ಕಾರಂಜಿಗೆ ಬೆನ್ನು ಹಾಕಿ ತಿರುಗಿದರೆ ರಸ್ತೆಯಾಚೆಗಿನ ಕಟ್ಟೆಯ ಕೆಳಗೆ ಇಡೀ ರೋಮ್ ನಗರ ಕಾಣುತ್ತದೆ: ಪ್ಯಾಂಥಿಯಾನ್‌ನ ತಗ್ಗಾದ ಗುಮ್ಮಟ, ಚರ್ಚುಗಳ ಎತ್ತರದ ಗುಮ್ಮಟಗಳು, ವಿಕ್ಟರ್ ಇಮ್ಯಾನುಯೆಲ್ ದೊರೆಯ ಬಿಳಿಯ ಸ್ಮಾರಕ, ದೂರದಲ್ಲಿ ಆಲ್ಬನ್ ಗುಡ್ಡಗಳು. ಕಾರಂಜಿಯ ಮುಖ ಪೂರ್ವದ ಕಡೆಗಿದೆ. ಆದ್ದರಿಂದ ಕಾರಂಜಿಯ ಫೋಟೊ ಬೇಕೆನ್ನುವವರು ಬೆಳಗ್ಗೆ ಹೋಗಬೇಕು. ನಗರದ ನೋಟ ಬೇಕೆನ್ನುವವರು ಸಂಜೆ, ಬಿಸಿಲು ಬೆನ್ನ ಹಿಂದಿನಿಂದ ಬಂದು ಗುಮ್ಮಟಗಳ ಮೇಲೆ ಬೀಳುವ ಹೊತ್ತಿಗೆ ಹೋಗಬೇಕು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನು ಬೆಳಗನ್ನೇ ಆರಿಸಿಕೊಳ್ಳುತ್ತೇನೆ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಅಲ್ಲಿಂದ ಗುಡ್ಡದ ನೆತ್ತಿಯ ಗುಂಟ ಸ್ವಲ್ಪ ದೂರ ಹೋದರೆ ಗ್ಯಾರಿಬಾಲ್ಡಿಯ ಕುದುರೆ ಸವಾರಿಯ ಪ್ರತಿಮೆಯಿರುವ ಚೌಕ ಸಿಗುತ್ತದೆ, ಮತ್ತು ಅದರ ಕಟ್ಟೆಯ ಕೆಳಗೆ ಪ್ರತಿದಿನ ಮಧ್ಯಾಹ್ನ ಸರಿಯಾಗಿ 12 ಗಂಟೆಗೆ ಒಂದು ತೋಪು ಹಾರಿಸುತ್ತಾರೆ. ಊರಿನ ಚರ್ಚುಗಳ ಗಂಟೆಗಳೆಲ್ಲ ಒಂದೇ ಹೊತ್ತಿಗೆ ಬಾರಿಸಲೆಂದು 1847ರಲ್ಲಿ ಬೇರೊಂದು ಕಡೆ ಆರಂಭವಾದ ಈ ಪದ್ಧತಿ 1904ರಲ್ಲಿ ಈ ಗುಡ್ಡಕ್ಕೆ ಬಂತು. ಸದ್ದು ಜೋರಾಗಿರುತ್ತದೆ ಎಂದು ಯಜಮಾನರಿಗೆ ಮೊದಲೇ ಹೇಳಿಡಿ.

ಕಾರಂಜಿಯಿಂದ ಇಳಿಯುವ ದಾರಿಯಲ್ಲೇ ಮೊಂತೋರಿಯೊದ ಸೇಂಟ್ ಪೀಟರ್ ಚರ್ಚು ಇದೆ. ಅದರ ಪಕ್ಕದ ಅಂಗಳದಲ್ಲಿ ಬ್ರಮಾಂತೆ ಎಂಬ ವಾಸ್ತುಶಿಲ್ಪಿ 16ನೆಯ ಶತಮಾನದ ಆರಂಭದಲ್ಲಿ ಕಟ್ಟಿದ, ಸುತ್ತಲೂ ಕಂಬಗಳಿರುವ ದುಂಡನೆಯ ಚಿಕ್ಕ ಗುಡಿಯನ್ನು ತಪ್ಪದೆ ನೋಡಿರಿ. ಎರಡು ದಿನದ ಪ್ರವಾಸದಲ್ಲಿ ಅರ್ಧ ದಿನವನ್ನು ಈ ಗುಡ್ಡಕ್ಕೆ ಕೊಟ್ಟರೆ ನಷ್ಟವೇನಿಲ್ಲ.

ಪ್ರಶ್ನೆ: ಕಾರಂಜಿ ಗುಡ್ಡದ ಮೇಲಿದೆ, ಕಟ್ಟಿದ್ದು 400 ವರ್ಷಗಳ ಹಿಂದೆ ಎನ್ನುತ್ತೀರಿ. ವಿದ್ಯುತ್ ಪಂಪು ಇಲ್ಲದ ಕಾಲದಲ್ಲಿ ಅಷ್ಟು ನೀರನ್ನು ಗುಡ್ಡಕ್ಕೆ ಏರಿಸಿದ್ದು ಹೇಗೆ?
– ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಏರಿಸಲೇ ಇಲ್ಲ, ಇಳಿಸಿಕೊಂಡು ಬಂದರು. ಈ ಕಾರಂಜಿಯ ಜೀವಾಳವೇ ಈ ಸಂಗತಿಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಅವಳಿ ನಗರದ ಲೆಕ್ಕವನ್ನೇ ಮೊದಲು ನೋಡಿ. ನಮಗೆ ಮಲಪ್ರಭಾ ನೀರು ಬರುವುದು ಸವದತ್ತಿಯ ರೇಣುಕಾಸಾಗರದಿಂದ. ಆ ಜಲಾಶಯ ತುಂಬಿದಾಗಲೂ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 633 ಮೀಟರ್. ಧಾರವಾಡವೋ 700 ಮೀಟರ್‌ಗೂ ಮೇಲಿದೆ. ಮೂಲ ಕೆಳಗೆ, ಊರು ಮೇಲೆ. ಹಾಗಾಗಿ ಹಗಲು ರಾತ್ರಿ ಪಂಪು ತಿರುಗಬೇಕು, ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ನೀರನ್ನು ಎತ್ತಿ ಹಾಕಬೇಕು. ಕರೆಂಟು ಕೈಕೊಟ್ಟರೆ ನಲ್ಲಿಯ ಸರದಿ ಮುಂದಕ್ಕೆ ಹೋಗುತ್ತದೆ. ರೋಮ್‌ನ ಅದೃಷ್ಟ ಇದಕ್ಕೆ ತದ್ವಿರುದ್ಧ. ಅದರ ವಾಯವ್ಯಕ್ಕಿರುವ ಬ್ರಾಚಾನೊ ಸರೋವರ ಸಮುದ್ರಮಟ್ಟದಿಂದ ಸುಮಾರು 160 ಮೀಟರ್ ಎತ್ತರದಲ್ಲಿದೆ, ಸುತ್ತಲಿನ ಊಟೆಗಳು ಅದಕ್ಕಿಂತ ತುಸು ಮೇಲೆ. ಜಾನಿಕೊಲೊ ಗುಡ್ಡದ ನೆತ್ತಿ 90 ಮೀಟರನ್ನೂ ಮುಟ್ಟುವುದಿಲ್ಲ. 50 ಕಿಲೋಮೀಟರ್‌ಗೂ ಉದ್ದದ ಕಾಲುವೆಯಲ್ಲಿ ಇಷ್ಟು ಇಳಿತವನ್ನು ಹಂಚಿದರೆ ಕಿಲೋಮೀಟರಿಗೆ ಸರಾಸರಿ ಒಂದೂವರೆ ಮೀಟರಿನ ಆಸುಪಾಸು ಬರುತ್ತದೆ. ಇಳಿತ ಇದಕ್ಕಿಂತ ತೀರ ಹೆಚ್ಚಾದರೆ ನೀರು ಕಾಲುವೆಯ ತಳವನ್ನು ಕೊರೆಯುತ್ತದೆ, ತೀರ ಕಡಿಮೆಯಾದರೆ ಹೂಳು ತುಂಬುತ್ತದೆ. ಗುಡ್ಡ ಬಂದಲ್ಲಿ ಕೊರೆದು, ತಗ್ಗು ಬಂದಲ್ಲಿ ಕಮಾನಿನ ಸೇತುವೆಯ ಮೇಲೆ ಹಾಯಿಸಿ, ಈ ಸಣ್ಣ ಇಳಿತವನ್ನು ಎಲ್ಲೂ ಕೆಡದಂತೆ ಕಾಯ್ದುಕೊಂಡು ಬರುವುದೇ ಅಲ್ಲಿಯ ಕೌಶಲ. ನಿಮ್ಮ ಸರ್ವೇ ತರಗತಿಯಲ್ಲಿ ಲೆವೆಲಿಂಗ್ ಮಾಡುವಾಗ ಇದನ್ನು ನೆನಪಿಸಿಕೊಳ್ಳಬಹುದು.

ಈ ಕಾಲುವೆಯನ್ನು ಮೊದಲು ಕಟ್ಟಿಸಿದವನು ಟ್ರೇಜನ್ ಚಕ್ರವರ್ತಿ, ಕ್ರಿ.ಶ. 109ರಲ್ಲಿ. ಟೈಬರ್‌ನ ಬಲದಂಡೆಯ ಜನರಿಗೆ ಕುಡಿಯುವ ನೀರು ಒದಗಿಸುವುದು ಅದರ ಉದ್ದೇಶವಾಗಿತ್ತು. ಮುಂದೆ ಇದೇ ಗುಡ್ಡದ ಇಳಿಜಾರಿನಲ್ಲಿ ಆ ನೀರಿನ ಬಲದಿಂದ ಹಿಟ್ಟಿನ ಗಿರಣಿಗಳು ನಡೆಯತೊಡಗಿದವು. ಕ್ರಿ.ಶ. 537ರಲ್ಲಿ ಗೋಥರು ರೋಮ್‌ಗೆ ಮುತ್ತಿಗೆ ಹಾಕಿ ಜಲಮಾರ್ಗಗಳನ್ನು ಕಡಿದಾಗ ಗಿರಣಿಗಳು ನಿಂತವು, ಊರಿಗೆ ಹಿಟ್ಟಿನ ಚಿಂತೆ ಹತ್ತಿತು. ಆಗ ರೋಮ್‌ನ ರಕ್ಷಣೆಗೆ ನಿಂತಿದ್ದ ಸೇನಾಪತಿ ಬೆಲಿಸಾರಿಯಸ್ ಗಿರಣಿಗಳನ್ನು ದೋಣಿಗಳ ಮೇಲೆ ಕೂರಿಸಿ, ಟೈಬರ್ ನದಿಯ ಪ್ರವಾಹದಿಂದಲೇ ಚಕ್ರ ತಿರುಗಿಸಿದ. ಎಂಜಿನಿಯರಿಂಗ್ ಇತಿಹಾಸದಲ್ಲಿ ಇಂತಹ ಉಪಾಯ ಅಪರೂಪ.

ಸಾವಿರ ವರ್ಷಗಳ ನಂತರ, 1605ರಲ್ಲಿ ಪೋಪ್ ಪದವಿಗೆ ಬಂದ ಬೊರ್ಗೇಸೆ ಮನೆತನದ 5ನೆಯ ಪಾಲ್, ಬ್ರಾಚಾನೊದ ಒಡೆಯರಾಗಿದ್ದ ಓರ್ಸಿನಿ ಮನೆತನದಿಂದ ಊಟೆಗಳ ಹಕ್ಕನ್ನು ಕೊಂಡು, ಟ್ರೇಜನ್‌ನ ಕಾಲುವೆಯನ್ನು ದುರಸ್ತಿ ಮಾಡಿಸಿದ. ‘ಪಾವೊಲಾ’ ಎಂಬುದು ಈ ಪಾಲ್‌ನ ಹೆಸರಿನಿಂದಲೇ ಬಂದದ್ದು. ಎಡದಂಡೆಗೆ ಆಗಲೇ ಬೇರೆ ಜಲಮಾರ್ಗಗಳ ನೀರು ಬರುತ್ತಿತ್ತು. ಟ್ರೆವಿಗೆ ಬರುವುದು ಕ್ರಿ.ಪೂ. 19ರಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ತಂದ ‘ವರ್ಜಿನೆ’ ನೀರು; ಅದು ಬಹುಪಾಲು ನೆಲದೊಳಗೇ ಹರಿದು ತಗ್ಗಿನ ಬಡಾವಣೆಗೆ ಬಂದು ಮುಟ್ಟುವಂಥದ್ದು. ಅದನ್ನು ಯಾವ ಗುಡ್ಡಕ್ಕೂ ಹಾಯಿಸಲಾಗದು. ಟ್ರೆವಿ ತಗ್ಗಿನಲ್ಲಿ, ಪಾವೊಲಾ ಎತ್ತರದಲ್ಲಿ ಇರುವುದು ಶಿಲ್ಪಿಯ ಇಚ್ಛೆಯಿಂದಲ್ಲ, ಆಯಾ ನೀರಿನ ಮಟ್ಟದಿಂದ.

ಇನ್ನು ಮುಖ್ಯವಾದ ಮಾತು. ಈ ಕಾರಂಜಿ ನೀರಿನ ಕೊನೆಯ ನಿಲ್ದಾಣವಲ್ಲ, ಹಂಚಿಕೆಯ ಮೊದಲ ನಿಲ್ದಾಣ. ಗುಡ್ಡದ ಮೇಲೆ ನಿಂತ ನೀರಿಗೆ ಒತ್ತಡ ತಾನಾಗಿಯೇ ಬರುತ್ತದೆ. ಅಲ್ಲಿಂದ ಕೊಳವೆಗಳಲ್ಲಿ ಇಳಿದ ನೀರು ತ್ರಾಸ್ತೆವೆರೆಗೆ, ವ್ಯಾಟಿಕನ್ನಿಗೆ, ಸಿಸ್ತೊ ಸೇತುವೆಯನ್ನು ದಾಟಿ ಆಚೆಯ ದಂಡೆಗೂ ಹೋಯಿತು. ಸೇಂಟ್ ಪೀಟರ್ಸ್ ಚೌಕದಲ್ಲಿ ನೀರು ಎತ್ತರಕ್ಕೆ ಚಿಮ್ಮಿದ್ದು ಈ ಒತ್ತಡದಿಂದಲೇ. ಇಳಿಜಾರಿನಲ್ಲಿ ಗಿರಣಿಗಳೂ ಮತ್ತೆ ತಿರುಗಿದವು. ಸೇತುವೆಯ ಆಚೆಗಿನ ಬೀದಿಯ ತುದಿಗೆ 1613ರಲ್ಲಿ ಕಟ್ಟಿದ್ದ ಇನ್ನೊಂದು ಕಾರಂಜಿಯನ್ನು, ನದಿಗೆ ತಡೆಗೋಡೆ ಕಟ್ಟುವಾಗ ಬಿಚ್ಚಿ, 1898ರಲ್ಲಿ ಈಚೆಯ ದಂಡೆಯ ತ್ರಿಲುಸ್ಸ ಚೌಕದಲ್ಲಿ ಮರಳಿ ಜೋಡಿಸಿದ್ದಾರೆ. ಗುಡ್ಡ ಇಳಿದವರು ಅದನ್ನೂ ನೋಡಿದರೆ ನೀರಿನ ದಾರಿ ಕಣ್ಣಿಗೆ ಕಟ್ಟುತ್ತದೆ. ನಮ್ಮಲ್ಲಿ ಓವರ್‌ಹೆಡ್ ಟ್ಯಾಂಕಿಗೆ ಯಾರೂ ಅಮೃತಶಿಲೆ ಹೊದಿಸಿ ಶಾಸನ ಕೆತ್ತಿಸುವುದಿಲ್ಲ. ಅಲ್ಲಿ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಪ್ರಶ್ನೆ: ಈ ಕಾರಂಜಿಯನ್ನು ಪ್ರಾಚೀನ ದೇವಾಲಯವೊಂದನ್ನು ಕೆಡವಿ ತಂದ ಕಲ್ಲಿನಿಂದ ಕಟ್ಟಿದ್ದಾರೆಂದು ಕೇಳಿದ್ದೇನೆ. ನಮ್ಮ ಲಕ್ಕುಂಡಿಯಲ್ಲಿಯೂ ಹಳೆಯ ಮನೆಗಳ ಗೋಡೆ, ಕಟ್ಟೆಗಳಲ್ಲಿ ಗುಡಿಯ ಕೆತ್ತನೆಯ ಕಲ್ಲುಗಳು ಕಾಣುತ್ತವೆ. ಎರಡೂ ಒಂದೇ ಬಗೆಯದೆನ್ನಬಹುದೇ? ಕಾರಂಜಿಯ ಶಾಸನದಲ್ಲಿ ಏನಿದೆ?
– ಪ್ರೌಢಶಾಲೆಯ ಇತಿಹಾಸ ಶಿಕ್ಷಕರು, ಗದಗ

ಉತ್ತರ: ನೀವು ಕೇಳಿದ್ದು ನಿಜ. ರೋಮ್‌ನ ಹಳೆಯ ಫೋರಂಗಳಲ್ಲಿ (ಸಾರ್ವಜನಿಕ ಚೌಕಗಳಲ್ಲಿ) ಒಂದಾದ, ನರ್ವ ಚಕ್ರವರ್ತಿಯ ಹೆಸರಿನ ಫೋರಂನಲ್ಲಿ ಮಿನರ್ವ ದೇವಿಯ ಗುಡಿಯಿತ್ತು. ಡೊಮಿಷಿಯನ್ ಚಕ್ರವರ್ತಿ ಆರಂಭಿಸಿದ ಆ ಫೋರಂ ಕ್ರಿ.ಶ. 97ರಲ್ಲಿ ನರ್ವನ ಕೈಯಿಂದ ಲೋಕಾರ್ಪಣೆಗೊಂಡಿತ್ತು. 16ನೆಯ ಶತಮಾನದ ಚಿತ್ರಕಾರರು ಆ ಗುಡಿಯ ಮುಂಭಾಗವನ್ನು ನೋಡಿ ಬರೆದ ಚಿತ್ರಗಳಿವೆ. ಅಂದರೆ ಅದು 1500 ವರ್ಷ ತಾಳಿ ಬಾಳಿತ್ತು. 5ನೆಯ ಪಾಲ್ 1606ರಲ್ಲಿ ಅದನ್ನು ಕೆಡವಿಸಿ ಅಮೃತಶಿಲೆಯನ್ನು ಸಾಗಿಸಿದ. ಕಾರಂಜಿಯ ಮುಖಮಂಟಪಕ್ಕೆ ಹೊದಿಸಿದ್ದರಲ್ಲಿ ಈ ಕಲ್ಲೂ ಸೇರಿದೆ. ಗ್ರಾನೈಟ್ ಕಂಬಗಳು ಬಂದದ್ದು ಕಾನ್‌ಸ್ಟಂಟೈನ್ ಕಾಲದ ಹಳೆಯ ಸೇಂಟ್ ಪೀಟರ್ಸ್ ಚರ್ಚಿನಿಂದ. ಅದರ ಉಳಿದ ಭಾಗವನ್ನೂ ಇದೇ ಪೋಪರ ಕಾಲದಲ್ಲಿ, ಹೊಸ ಚರ್ಚಿನ ಮುಂಭಾಗ ಕಟ್ಟಲೆಂದು ಕೆಡವಲಾಯಿತು. ಅಂದರೆ ಅನ್ಯಧರ್ಮದ ಗುಡಿಯೆಂಬ ಕಾರಣಕ್ಕೆ ಮಾತ್ರ ಕೈಯಿಟ್ಟರೆನ್ನುವಂತಿಲ್ಲ. ತನ್ನದೇ ಧರ್ಮದ ಅತ್ಯಂತ ಪೂಜ್ಯ ಕಟ್ಟಡವೂ ಆ ಕಾಲದ ಕಟ್ಟೋಣದ ಉತ್ಸಾಹಕ್ಕೆ ಕಲ್ಲಿನ ಗಣಿಯಾಗಿತ್ತು.

ಲಕ್ಕುಂಡಿಯ ಹೋಲಿಕೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪಾಳುಬಿದ್ದ ಗುಡಿಯ ಸುತ್ತ ಚೆಲ್ಲಿದ ಕಲ್ಲನ್ನು ಊರವರು ಮನೆಯ ಬುನಾದಿಗೋ ದನದ ಕೊಟ್ಟಿಗೆಗೋ ಎತ್ತಿಕೊಂಡು ಹೋಗುವುದು ಒಂದು ಬಗೆ; ಅಲ್ಲಿ ಬಡತನವೂ ಇದೆ, ಅರಿವಿಲ್ಲದಿರುವಿಕೆಯೂ ಇದೆ. ನಿಂತ ಕಟ್ಟಡವನ್ನು ಆಜ್ಞೆ ಹೊರಡಿಸಿ, ಲೆಕ್ಕ ಬರೆದು, ಗಾಡಿ ಕಟ್ಟಿ ಸಾಗಿಸುವುದು ಬೇರೆಯೇ ಬಗೆ. ಪೋಪರಿಗೆ ಹಣದ ಕೊರತೆಯೂ ಇರಲಿಲ್ಲ, ಪ್ರಾಚೀನತೆಯ ಬೆಲೆ ಗೊತ್ತಿರಲಿಲ್ಲವೆನ್ನಲೂ ಆಗದು. ನಿಮ್ಮ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವನ್ನು ಹೇಳಿದರೆ ಚರ್ಚೆಗೆ ಒಳ್ಳೆಯ ವಿಷಯವಾಗುತ್ತದೆ. ಕೆಡವಿದ ಫೋರಂನಲ್ಲಿ ಎರಡು ಕಂಬಗಳು, ಅವುಗಳ ಮೇಲಿನ ಗೋಡೆಯಲ್ಲಿ ಮಿನರ್ವ ದೇವಿಯ ಉಬ್ಬುಶಿಲ್ಪ ಇಂದಿಗೂ ಉಳಿದಿವೆ. ಫೋರಂಗಳ ಪಕ್ಕದ ಹೆದ್ದಾರಿಯಲ್ಲಿ ನಡೆಯುವಾಗ ಬೇಲಿಯಾಚೆ ಕಾಣುತ್ತವೆ. ಮೊದಲು ಅವನ್ನು ನೋಡಿ, ಆಮೇಲೆ ಗುಡ್ಡಕ್ಕೆ ಹೋದವರಿಗೆ ಕಾರಂಜಿಯ ಬಿಳುಪು ಬೇರೆಯಾಗಿಯೇ ಕಂಡೀತು.

ಶಾಸನದ ಕಥೆ ಇನ್ನೂ ಸ್ವಾರಸ್ಯಕರ. ಲ್ಯಾಟಿನ್ ಭಾಷೆಯ ಆ ಶಾಸನದ ಸಾರಾಂಶ ಇಷ್ಟು: 5ನೆಯ ಪಾಲ್ ಪೋಪರು ಬ್ರಾಚಾನೊ ಸೀಮೆಯ ಅತ್ಯಂತ ಆರೋಗ್ಯಕರವಾದ ಊಟೆಗಳಿಂದ ಸಂಗ್ರಹಿಸಿದ ನೀರನ್ನು, ‘ಅಲ್ಸಿಯೆಟಿನ’ದ ಹಳೆಯ ಕಾಲುವೆಗಳನ್ನು ಸರಿಪಡಿಸಿ, ಹೊಸವನ್ನು ಸೇರಿಸಿ, 35ನೆಯ ಮೈಲಿಗಲ್ಲಿನಿಂದ ತಂದರು, ವರ್ಷ 1612, ಅವರ ಆಳ್ವಿಕೆಯ 7ನೆಯ ವರ್ಷ. ಇದರಲ್ಲಿ ದೊಡ್ಡ ತಪ್ಪೊಂದಿದೆ. ಅವರು ಸರಿಪಡಿಸಿದ್ದು ಟ್ರೇಜನ್‌ನ ಕಾಲುವೆಯನ್ನು. ಅಲ್ಸಿಯೆಟಿನ ಎಂಬುದು ಅದಕ್ಕಿಂತ ನೂರು ವರ್ಷ ಹಿಂದಿನ, ಅಗಸ್ಟಸ್ ಚಕ್ರವರ್ತಿ ಇನ್ನೊಂದು ಚಿಕ್ಕ ಸರೋವರದಿಂದ ತಂದ ಕಾಲುವೆ. ಆ ನೀರು ಕುಡಿಯಲು ಯೋಗ್ಯವಲ್ಲವೆಂದು ರೋಮನ್ನರ ಜಲ ಅಧಿಕಾರಿಯಾಗಿದ್ದ ಫ್ರಾಂಟಿನಸ್‌ನೇ ಬರೆದಿಟ್ಟಿದ್ದಾನೆ. ಅದನ್ನು ತಂದದ್ದು ತ್ರಾಸ್ತೆವೆರೆಯಲ್ಲಿ ಅಗೆದಿದ್ದ ಕೃತಕ ಕೊಳದಲ್ಲಿ ನೌಕಾಯುದ್ಧದ ಆಟವಾಡಿಸಲು ಎಂಬುದು ಅವನ ಅಭಿಪ್ರಾಯ. ‘ಅತ್ಯಂತ ಆರೋಗ್ಯಕರ’ ಎಂಬ ಹೊಗಳಿಕೆಯ ಪಕ್ಕದಲ್ಲೇ ಕುಡಿಯಬಾರದ ನೀರಿನ ಹೆಸರು, ಅದೂ ಊರಿಗೆಲ್ಲ ಕಾಣುವಷ್ಟು ಎತ್ತರದಲ್ಲಿ, 400 ವರ್ಷಗಳಿಂದ ಹಾಗೆಯೇ ನಿಂತಿದೆ. ಕಲ್ಲಿನಲ್ಲಿ ಬರೆದ ಮಾತ್ರಕ್ಕೆ ನಿಜವಾಗುವುದಿಲ್ಲವೆಂದು ಶಾಸನ ಪಾಠದಲ್ಲಿ ಹೇಳಬೇಕಾದಾಗ ನಿಮಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು. ಸೇಂಟ್ ಪೀಟರ್ಸ್ ಚರ್ಚಿನ ಮುಂಭಾಗದ ಶಾಸನದಲ್ಲಿಯೂ ಇದೇ ಪೋಪರ ಹೆಸರು, ಇದೇ 1612, ಇದೇ 7ನೆಯ ವರ್ಷ ಇರುವುದನ್ನು ಗಮನಿಸಿ. ಆ ವರ್ಷ ರೋಮ್‌ನ ಕಲ್ಲುಕುಟಿಗರಿಗೆ ಬಿಡುವೇ ಇರಲಿಲ್ಲವೆಂದು ತೋರುತ್ತದೆ.

ಪ್ರಶ್ನೆ: ಇದನ್ನು ಬರೋಕ್ ಶೈಲಿಯ ಕಾರಂಜಿ ಎನ್ನುತ್ತಾರೆ. ಚಿತ್ರದಲ್ಲಿ ನೋಡಿದರೆ ಹಳೆಯ ರೋಮನ್ ವಿಜಯ ಕಮಾನಿನಂತೆ ಕಾಣುತ್ತದೆ. ಯಾವುದು ಸರಿ?
– ಚಿತ್ರಕಲಾ ವಿದ್ಯಾರ್ಥಿನಿ, ಗದಗ

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ, ಎರಡೂ ಸರಿ. ಬರೋಕ್ ಎಂದರೆ 17ನೆಯ ಶತಮಾನದ ಯುರೋಪಿನ, ನೋಡುವವರನ್ನು ನಾಟಕೀಯವಾಗಿ ಸೆಳೆಯುವ ಕಲಾಶೈಲಿ. ವಿನ್ಯಾಸ ಮಾಡಿದವರು ಫ್ಲಾಮಿನಿಯೊ ಪೊಂತ್ಸಿಯೊ ಮತ್ತು ನೀರಿನ ಕೆಲಸದಲ್ಲಿ ಪಳಗಿದ ಜೊವಾನ್ನಿ ಫೊಂತಾನ. ಜೊವಾನ್ನಿಯ ಸಹೋದರ ದೊಮೆನಿಕೊ 1587ರ ಹೊತ್ತಿಗೆ ನಗರದ ಇನ್ನೊಂದು ಕಡೆ ‘ಅಕ್ವಾ ಫೆಲಿಚೆ’ ಕಾರಂಜಿಯನ್ನು ಮೂರು ಕಮಾನಿನ ವಿಜಯದ್ವಾರದಂತೆ ಕಟ್ಟಿದ್ದ. ಅದೇ ಯೋಜನೆಯನ್ನು ಇಲ್ಲಿ ಐದು ಕಮಾನಿಗೆ ಹಿಗ್ಗಿಸಿದರು. ಅಲ್ಲಿ ನಡುವಿನ ಕಮಾನಿನಲ್ಲಿ ಮೋಸೆಸ್‌ನ ಭಾರಿ ಪ್ರತಿಮೆ ನಿಂತಿದೆ. ಇಲ್ಲಿ ಆ ಸ್ಥಾನವನ್ನು ನೀರಿಗೇ ಬಿಟ್ಟುಕೊಟ್ಟರು, ಪ್ರತಿಮೆಯ ಗೊಡವೆಗೆ ಹೋಗಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕಾರಂಜಿಯ ಗೆಲುವು ಇದೇ. ಬೊರ್ಗೇಸೆ ಮನೆತನದ ಗುರುತಾದ ಹದ್ದು ಮತ್ತು ಡ್ರ್ಯಾಗನ್‌ಗಳನ್ನು ಮಾತ್ರ ಅಲ್ಲಲ್ಲಿ ಕೆತ್ತಿದ್ದಾರೆ. ಚಿಕ್ಕ ಕಮಾನುಗಳಲ್ಲಿ ನೀರು ಸುರಿಸುವವೂ ಆ ಡ್ರ್ಯಾಗನ್‌ಗಳೇ.

ಮೊದಲು ಇದರ ಮುಂದೆ ಇದ್ದದ್ದು ಐದು ಸಣ್ಣ ತೊಟ್ಟಿಗಳು. 1690ರಲ್ಲಿ 8ನೆಯ ಅಲೆಕ್ಸಾಂಡರ್ ಪೋಪರ ಕಾಲದಲ್ಲಿ ಕಾರ್ಲೊ ಫೊಂತಾನ ಎಂಬ ವಾಸ್ತುಶಿಲ್ಪಿ ಅವುಗಳ ಬದಲು ಇಂದು ಕಾಣುವ ವಿಶಾಲವಾದ ಕೊಳವನ್ನು ನಿರ್ಮಿಸಿದ. ಗೋಡೆಯಂತೆ ಚಪ್ಪಟೆಯಾಗಿದ್ದ ಕಟ್ಟಡ ಆ ಕೊಳದಿಂದ ಮುಂದಕ್ಕೆ ಬಾಗಿ, ನೋಡುವವರನ್ನು ತನ್ನೊಳಗೆ ಸೆಳೆದುಕೊಳ್ಳುವ ರಂಗಸ್ಥಳವಾಯಿತು. ಬಿದ್ದ ನೀರಿನ ಮಿನುಗು ಕಮಾನಿನ ಒಳಮೈಗೆ ಹತ್ತತೊಡಗಿತು. ಬರೋಕ್ ಎಂದು ಕರೆಯಬೇಕಾದ ಗುಣ ಹೆಚ್ಚಾಗಿ ಬಂದದ್ದು ಈ ಎರಡನೆಯ ಕೈಯಿಂದ. ಸ್ಕೆಚ್ ಮಾಡುವಾಗ ಮೇಲಿನ ಶಾಸನದ ಭಾಗ ಕೆಳಗಿನ ಕಮಾನುಗಳಿಗೆ ಹೋಲಿಸಿದರೆ ತುಸು ಭಾರವಾಗಿರುವುದು ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ಆ ಕಾರಂಜಿಯ ನೀರನ್ನು ಕುಡಿಯಬಹುದೇ? ಮಕ್ಕಳೊಂದಿಗೆ ಹೋಗುವವರಿದ್ದೇವೆ, ಬಿಸಿಲಿಗೆ ಕಾಲು ಇಳಿಬಿಟ್ಟು ಕೂರಲು ಅವಕಾಶವಿದೆಯೇ?
– ಗೃಹಿಣಿ, ಹಾವೇರಿ

ಉತ್ತರ: ಎರಡೂ ಕೂಡದು. 17ನೆಯ ಶತಮಾನದಲ್ಲೇ ಊಟೆಯ ನೀರಿಗೆ ಸರೋವರದ ನೀರನ್ನು ಸೇರಿಸಿದ ಮೇಲೆ ಪಾವೊಲಾ ನೀರಿನ ಗುಣ ಇಳಿಯಿತು. ಈಗ ಅದು ಕುಡಿಯುವ ನೀರಲ್ಲ. ರೋಮ್‌ನ ಐತಿಹಾಸಿಕ ಕಾರಂಜಿಗಳಲ್ಲಿ ಇಳಿಯುವುದು, ಸ್ನಾನ ಮಾಡುವುದು ನಿಷಿದ್ಧ, ದಂಡ ಹಾಕುತ್ತಾರೆ. ಮಕ್ಕಳಿಗೆ ಮೊದಲೇ ತಿಳಿಸಿ ಹೇಳಿ.

ಬಾಯಾರಿಕೆಗೆ ಬೇರೆ ಏರ್ಪಾಡಿದೆ. ನಗರದ ಬೀದಿಗಳಲ್ಲಿ ಸೊಂಟದೆತ್ತರದ ಎರಕದ ಕಬ್ಬಿಣದ ಕಂಬಗಳಿಗೆ ಬಾಗಿದ ಕೊಳವೆ ಜೋಡಿಸಿದ ನಲ್ಲಿಗಳು ಸಾವಿರಾರು ಇವೆ. 1870ರ ದಶಕದಲ್ಲಿ ಇವನ್ನು ಹಾಕತೊಡಗಿದರು. ನೀರು ಶುದ್ಧ, ತಣ್ಣಗಿರುತ್ತದೆ, ದುಡ್ಡಿಲ್ಲ. ಕೊಳವೆಯ ಬಾಗಿನ ಮೇಲ್ಭಾಗದಲ್ಲಿ ಒಂದು ಸಣ್ಣ ತೂತಿರುತ್ತದೆ. ಕೆಳಗಿನ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ನೀರು ಆ ತೂತಿನಿಂದ ಬಿಲ್ಲಿನಂತೆ ಮೇಲೆದ್ದು ಸರಿಯಾಗಿ ಬಾಯಿಗೇ ಬರುತ್ತದೆ. ಬೊಗಸೆಯೊಡ್ಡಿ ಅಂಗಿ ನೆನೆಸಿಕೊಳ್ಳಬೇಕಾಗಿಲ್ಲ. 2017ರ ಬರಗಾಲದಲ್ಲಿ ಬ್ರಾಚಾನೊ ಸರೋವರದ ಮಟ್ಟ ಕುಸಿದಾಗ ಈ ನಲ್ಲಿಗಳಲ್ಲಿ ಹಲವನ್ನು ಮುಚ್ಚಿದ್ದೂ ಉಂಟು. ಆದ್ದರಿಂದ ಬೇಸಿಗೆಯಲ್ಲಿ ಹೋಗುವವರು ಕೆಳಗೆ ತ್ರಾಸ್ತೆವೆರೆಯಲ್ಲಿಯೇ ಬಾಟಲಿ ತುಂಬಿಸಿಕೊಂಡು ಗುಡ್ಡ ಹತ್ತಿರಿ.